ಆಲ್ಬರ್ಟರ ಕೊನೆಯ ರೇಸು, ಈರಪ್ಪನ ಪೆಟ್ರೋಲು

ಕಳೆದ ಶುಕ್ರವಾರ ಸಂಜೆ ಕುವೈತಿನ ಫರ್ವಾನಿಯಾದ ಒಂದು ಫ್ಲ್ಯಾಟಿನಲ್ಲಿ ಇಪ್ಪತ್ತೈದು ಜನರ ಎದುರು ನಿಂತು ನಾನೊಂದು ಸುಳ್ಳು ಓದಿದೆ. ಚಪ್ಪಾಳೆಯೂ ಬಿತ್ತು.

ಯಾರು ಬರೆದ ಸುಳ್ಳು ಅಂತೀರಾ? ನಾನೇ ಬರೆದದ್ದು. ಹದಿನೈದು ವರ್ಷದ ಹಿಂದೆ, ಇದೇ ಅಂಕಣದಲ್ಲಿ ಅಚ್ಚಾದದ್ದು. ನಿಮ್ಮಲ್ಲಿ ಕೆಲವರು ಆಗ ಓದಿ ನಕ್ಕಿರಬಹುದು. (ನಕ್ಕಿದ್ದರೆ ದಯವಿಟ್ಟು ನನ್ನ ಪಕ್ಕ ಬಂದು ನಿಲ್ಲಿ. ತಪ್ಪಿತಸ್ಥರ ಸಾಲಿನಲ್ಲಿ ಒಬ್ಬಳಿಗೇ ಬೇಜಾರು.)

ವಿಷಯ ಇಷ್ಟು. ನಮ್ಮ ಆಲ್ಬರ್ಟ್ ಎರಡು ತಿಂಗಳ ಹಿಂದೆ ಮಂಗಳೂರಿನಲ್ಲಿ ತೀರಿಕೊಂಡರು. ಕುವೈತಿನಲ್ಲಿ ಬಹಳ ವರ್ಷ ದುಡಿದು, ರಿಟೈರ್ ಆಗಿ ಊರಿಗೆ ಹೋಗಿದ್ದವರು. ಅವರ ಹೆಂಡತಿ ಸ್ಟೆಲ್ಲಾ ಈಗ ಇಲ್ಲಿ ಮಗಳ ಮನೆಗೆ ಬಂದಿದ್ದಾರೆ. ಮಗಳು ಜಾಯ್ಸ್‌ಗೆ ಬ್ಯಾಂಕಿನಲ್ಲಿ ಕೆಲಸ. ಅಪ್ಪನ ಹಳೆಯ ಗೆಳೆಯರನ್ನೆಲ್ಲ ಒಂದು ಸಂಜೆ ಮನೆಗೆ ಕರೆದು ಅವರನ್ನು ನೆನೆಯೋಣ ಅಂತ ಅವಳದೇ ಏರ್ಪಾಡು. ನನಗೂ ಫೋನು ಬಂತು.

‘ಆಂಟಿ, ಡ್ಯಾಡಿಯ ರೇಸ್ ಬಗ್ಗೆ ನೀವು ಬರೆದದ್ದು ಉಂಟಲ್ಲ? ಅದನ್ನೇ ರೀಡ್ ಮಾಡಿ ಪ್ಲೀಸ್. ಎಲ್ಲರೂ ಅದನ್ನೇ ಕೇಳ್ತಿದ್ದಾರೆ.’

ಅಂಕಣ ಬರೆಯುವವರ ಕಿವಿಗೆ ಇದಕ್ಕಿಂತ ಸಿಹಿಯಾದ ಮಾತುಂಟೆ? ಹಳೇ ಕಟಿಂಗ್ ಹುಡುಕಿ, ಕನ್ನಡಕ ಒರೆಸಿ, ಕನ್ನಡಿ ಮುಂದೆ ಎರಡು ಸಲ ಓದಿಯೂ ನೋಡಿಕೊಂಡೆ.

ಆಲ್ಬರ್ಟ್ ಯಾರು ಅಂತ ಗೊತ್ತಿಲ್ಲದವರಿಗಾಗಿ ಸ್ವಲ್ಪ ಹೇಳುತ್ತೇನೆ. ನೋಡಲು ಕುಳ್ಳಗೆ, ನಡುನೆತ್ತಿ ಬೋಳು. ಇನ್‌ಶರ್ಟ್ ಮಾಡದ ದಿನವನ್ನು ನಾನು ಕಂಡಿಲ್ಲ. ಜೇಬಿನಲ್ಲಿ ಎರಡು ಪೆನ್ನು, ಒಂದು ನೀಲಿ, ಒಂದು ಕೆಂಪು. ಒಂದು ಖಾಸಗಿ ಆಸ್ಪತ್ರೆಯ ಸಪ್ಲೈ ವಿಭಾಗದಲ್ಲಿ ಕೆಲಸ. ದಿನಾ ಆಸ್ಪತ್ರೆಯ ವ್ಯಾನು ಓಡಿಸಿಕೊಂಡು ಅರ್ದಿಯಾದ ಗೋಡೌನುಗಳಿಗೆ ಹೋಗಿ ಹತ್ತಿ, ಗ್ಲೋವ್ಸು, ಸಲೈನ್ ಬಾಟಲಿ ಎಲ್ಲ ತರಬೇಕು. ಶುಕ್ರವಾರ ಬೆಳಿಗ್ಗೆ ಚರ್ಚಿನಲ್ಲಿ ಕ್ವಾಯರ್ ಹಾಡಬೇಕು. ಇಂಥ ಮನುಷ್ಯ ಕಾರ್ ರೇಸಿನ ಹೀರೋ ಅಂದರೆ ನಂಬುತ್ತೀರಾ? ನಾನೂ ನಂಬಿರಲಿಲ್ಲ.

ತೊಂಬತ್ತರ ದಶಕ. ಯುದ್ಧ ಮುಗಿದು ಕೆಲವು ವರ್ಷ ಆಗಿತ್ತು. ಯಜಮಾನರು ಬಿಟ್ಟುಹೋದ ದೊಡ್ಡ ದೊಡ್ಡ ಅಮೆರಿಕನ್ ಕಾರುಗಳು ಗ್ಯಾರೇಜುಗಳ ಹಿಂದೆ ಮರಳು ತಿನ್ನುತ್ತಾ ಬಿದ್ದಿದ್ದವು. ಅವನ್ನೆತ್ತಿಕೊಂಡು ಬಂದು, ಗಾಜೆಲ್ಲ ಕಿತ್ತು, ಬಾಗಿಲಿಗೆ ವೆಲ್ಡಿಂಗ್ ಹಾಕಿ, ಒಳಗೆ ಕಬ್ಬಿಣದ ಪೈಪು ಕಟ್ಟಿ, ಚಳಿಗಾಲದ ಶುಕ್ರವಾರಗಳಲ್ಲಿ ಕೆಲವರು ರೇಸ್ ಬಿಡುತ್ತಿದ್ದರು. ಊರಾಚೆ ಮರಳುಬಯಲಲ್ಲಿ ಮೊಟ್ಟೆಯಾಕಾರದ ಒಂದು ಸಣ್ಣ ಟ್ರ್ಯಾಕು. ಸುತ್ತ ಹಳೇ ಟೈರಿನ ಗೋಡೆ. ಹತ್ತೋ ಹನ್ನೆರಡೋ ಕಾರು ಎಡಕ್ಕೆ ತಿರುಗುತ್ತಾ, ಒಂದನ್ನೊಂದು ಗುದ್ದುತ್ತಾ ಮೂವತ್ತು ಸುತ್ತು ಹಾಕಬೇಕು. ನೋಡುವುದಕ್ಕೆ ಚಹಾದ ಫ್ಲಾಸ್ಕ್ ಹಿಡಿದ ಕುವೈತಿಗಳು, ಪಾಕಿಸ್ತಾನದವರು, ಈಜಿಪ್ಟಿನವರು, ಫಿಲಿಪೀನ್ಸಿನವರು, ನಾವು.

ಮೊದಲ ಸಲ ಹೋದಾಗ ನನ್ನವರನ್ನು ಕೇಳಿದೆ: ‘ಎಲ್ಲಿಂದ ಹೊಂಟ್ರೋ ಅಲ್ಲಿಗೇ ಬಂದು ಮುಟ್ಟತಾರಲ್ಲ, ಏನ್ ಸಾಧಿಸಿದಂಗಾತು?’

ನನ್ನವರು ಎಂಜಿನಿಯರು. ‘ಏ, ಸುಮ್ನ ನೋಡು,’ ಅಂದರು.

ನೋಡಿದೆ. ಗಾಣದ ಎತ್ತಿಗೂ ಇವರಿಗೂ ಏನು ವ್ಯತ್ಯಾಸ ಅಂತ ಯೋಚಿಸಿದೆ. ಎತ್ತು ಸುತ್ತಿದರೆ ಎಣ್ಣೆಯಾದರೂ ಬರುತ್ತದೆ. ಇಲ್ಲಿ ಎಣ್ಣೆ ಹೋಗುತ್ತದೆ. (ಹೋದರೆ ಹೋಗಲಿ, ಕುವೈತಿನಲ್ಲಿ ಎಣ್ಣೆಗೇನು ಬರ?)

ಆದರೆ ಅರ್ಧ ಗಂಟೆ ಕಳೆಯುವಷ್ಟರಲ್ಲಿ ನಾನು ಬೆಂಚಿನ ಮೇಲೆ ನಿಂತಿದ್ದೆ. ಯಾಕೆಂದರೆ ಎಲ್ಲರೂ ಗುದ್ದಾಡಿಕೊಂಡು ಹೊರಗೆ ಹೊರಗೆ ಹೋಗುತ್ತಿದ್ದರೆ ಒಂದು ಹಸಿರು ಕಾರು ಮಾತ್ರ ಯಾರನ್ನೂ ಮುಟ್ಟದೆ, ಒಳಗಿನ ಸಂದಿಯಲ್ಲಿ ತೂರಿ ತೂರಿ ಮುಂದೆ ಬರುತ್ತಿತ್ತು. ರೇಷನ್ ಅಂಗಡಿಯ ಕ್ಯೂನಲ್ಲಿ ‘ಸ್ವಲ್ಪ ಸರೀರಿ’ ಅಂತ ವಿನಯದಿಂದ ಹೇಳುತ್ತಲೇ ಎಲ್ಲರಿಗಿಂತ ಮುಂದೆ ಹೋಗಿ ನಿಲ್ಲುವವರಿರುತ್ತಾರಲ್ಲ, ಹಾಗೆ. ಗೆದ್ದ ಮೇಲೆ ಆ ಕಾರಿನ ಕಿಟಕಿಯಿಂದ ತೆವಳಿ ಇಳಿದದ್ದು ಬೋಳುತಲೆಯ ಆಲ್ಬರ್ಟ್. ಇನ್‌ಶರ್ಟ್ ಹಾಗೇ ಇತ್ತು. ಪೆನ್ನುಗಳೂ ಇದ್ದವು.

ಕುವೈತಿ ಹುಡುಗರು ಅವರಿಗೆ ಮುದೀರ್ ಅಂತ ಹೆಸರಿಟ್ಟಿದ್ದರು. ಮುದೀರ್ ಅಂದರೆ ಇಲ್ಲಿಯ ಅರಬ್ಬಿಯಲ್ಲಿ ಮ್ಯಾನೇಜರು. ‘ಯಲ್ಲಾ ಮುದೀರ್! ಯಲ್ಲಾ!’ ಅಂತ ಗ್ಯಾಲರಿಯೆಲ್ಲ ಕೂಗುತ್ತಿತ್ತು. ಆಸ್ಪತ್ರೆಯಲ್ಲಿ ಒಂದು ದಿನವೂ ಮ್ಯಾನೇಜರ್ ಆಗದ ಮನುಷ್ಯನಿಗೆ ಮರಳುಗಾಡಿನಲ್ಲಿ ಪ್ರಮೋಷನ್!

ಕಾರು ಕಟ್ಟಿದವನು ಈರಪ್ಪ. ಗದಗಿನ ಕಡೆಯ ಹಳ್ಳಿಯವನು. ಅರ್ದಿಯಾದಲ್ಲಿ ಅಬು ನಾಸರ್ ಎಂಬವರ ಗ್ಯಾರೇಜಿನಲ್ಲಿ ಮೆಕ್ಯಾನಿಕ್. ಅಬು ನಾಸರ್ ಅವನ ಕಫೀಲ್. ಅಂದರೆ ಅವನ ವೀಸಾ, ಕೆಲಸ, ಅನ್ನ ಎಲ್ಲಕ್ಕೂ ಜವಾಬ್ದಾರ. ಆಸ್ಪತ್ರೆಯ ವ್ಯಾನು ರಿಪೇರಿಗೆ ಬರುತ್ತಿದ್ದುದು ಅಲ್ಲಿಗೇ. ಒಂದು ದಿನ ಗ್ಯಾರೇಜಿನ ಗಲ್ಲಿಯಲ್ಲಿ ಎರಡು ಲಾರಿ ಎದುರುಬದುರು ಸಿಕ್ಕಿಹಾಕಿಕೊಂಡವು. ಯಾರೂ ಅಲ್ಲಾಡುವಂತಿಲ್ಲ. ಆಲ್ಬರ್ಟ್ ಆ ಲಾರಿಗಳ ಸಂದಿಯಲ್ಲಿ, ಎರಡೂ ಕಡೆ ನಾಲ್ಕು ಬೆರಳು ಜಾಗ ಬಿಟ್ಟು, ವ್ಯಾನನ್ನು ರಿವರ್ಸ್‌ನಲ್ಲಿ ಹೊರಗೆ ತಂದು ನಿಲ್ಲಿಸಿ, ಕೈಗಡಿಯಾರ ನೋಡಿಕೊಂಡು ‘ಲೇಟಾಯ್ತು ಮಾರಾಯ’ ಅಂದರಂತೆ.

ಈರಪ್ಪ ಅಬು ನಾಸರ್ ಕಡೆ ತಿರುಗಿ ಹೇಳಿದನಂತೆ: ‘ಬಾಬಾ, ಹಿಂದಕ್ಕ ಹಿಂಗ ಓಡಸ್ತಾರಂದ್ರ ಮುಂದಕ್ಕ ಹೆಂಗ ಓಡಸಬಹುದು?’ ಯಾವ ಭಾಷೆಯಲ್ಲಿ ಹೇಳಿದನೋ, ಅಬು ನಾಸರ್‌ಗೆ ಹೇಗೆ ಅರ್ಥವಾಯಿತೋ ನನಗೆ ಗೊತ್ತಿಲ್ಲ. ಅಲ್ಲಿಂದ ಶುರು.

ಮೂರು ಚಳಿಗಾಲ ಸತತವಾಗಿ ಹಸಿರು ಕಾರೇ ಕಪ್ ಗೆದ್ದಿತು. ಆಲ್ಬರ್ಟ್ ಶಿಲುಬೆಯ ಗುರುತು ಮಾಡಿಕೊಂಡು ಒಳಗೆ ಇಳಿಯುವರು. ಈರಪ್ಪ ಬಾನೆಟ್ಟಿಗೆ ವಿಭೂತಿ ಎಳೆಯುವನು. ಅಬು ನಾಸರ್ ಬಿಸ್ಮಿಲ್ಲಾ ಅನ್ನುವರು. ಇಷ್ಟೆಲ್ಲ ಆದ ಮೇಲೆ ಉಳಿದ ಕಾರುಗಳ ಪಾಡೇನು ಹೇಳಿ?

ಒಬ್ಬರಿಗೆ ಮಾತ್ರ ಇದು ಸೇರುತ್ತಿರಲಿಲ್ಲ. ಸ್ಟೆಲ್ಲಾಗೆ. ಅವರು ನರ್ಸು. ಆಕ್ಸಿಡೆಂಟ್ ಆದವರನ್ನು ದಿನಾ ನೋಡುವವರು. ಟ್ರ್ಯಾಕಿನ ಕಡೆ ಒಂದು ದಿನವೂ ಬರಲಿಲ್ಲ. ‘ನನಗೆ ಡ್ಯೂಟಿ ಉಂಟು’ ಅನ್ನುತ್ತಿದ್ದರು. ಶುಕ್ರವಾರ ಡ್ಯೂಟಿ ಇಲ್ಲದಿದ್ದರೂ ಅದೇ ಮಾತು.

ಈಗ ನಾಲ್ಕನೇ ಚಳಿಗಾಲದ ಫೈನಲ್ಲಿಗೆ ಬರೋಣ. ನಾನು ಅಂಕಣ ಬರೆದದ್ದು ಇದರ ಬಗ್ಗೆ.

ಆ ಸಲ ಗ್ಯಾರೇಜಿನ ಹಳೆಯ ಫೋರ್‌ಮನ್ ಕೆಲಸ ಬಿಟ್ಟು ಊರಿಗೆ ಹೊರಟಿದ್ದ. ‘ಈ ಕಪ್ಪೂ ಗೆದ್ದರೆ ಈರಪ್ಪನೇ ಫೋರ್‌ಮನ್’ ಅಂತ ಅಬು ನಾಸರ್ ಎಲ್ಲರೆದುರು ಸಾರಿದ್ದರು. ಈರಪ್ಪ ಹೊಸ ಅಂಗಿ ಹಾಕಿಕೊಂಡು ಬಂದಿದ್ದ. ನಾನು ಬುತ್ತಿಯಲ್ಲಿ ರೊಟ್ಟಿ, ಎಣ್ಣೆಗಾಯಿ ಕಟ್ಟಿಕೊಂಡು ಹೋಗಿದ್ದೆ. ಆಲ್ಬರ್ಟ್‌ರ ಆಫೀಸಿನವರೂ ನಾಲ್ಕು ಜನ ಬಂದಿದ್ದರು.

ಇಪ್ಪತ್ತೆಂಟು ಸುತ್ತು ಮುಗಿದಾಗ ಹಸಿರು ಕಾರೇ ಮುಂದೆ. ಹಿಂದೆ ಕೆಂಪು ಕಾರಿನಲ್ಲಿ ಒಬ್ಬ ಕುವೈತಿ ಹುಡುಗ. ಇನ್ನೆರಡೇ ಸುತ್ತು. ನಾನು ಬೆಂಚಿನ ಮೇಲೆ. ನನ್ನವರೂ ಬೆಂಚಿನ ಮೇಲೆ.

ಆಗ ಹಸಿರು ಕಾರು ನಿಧಾನವಾಯಿತು. ತಿರುವಿನಲ್ಲಿ ತಿರುಗಲಿಲ್ಲ. ನೆಟ್ಟಗೆ ಹೋಗಿ ಹೊರಗಿನ ಟೈರಿನ ಗೋಡೆಯ ಬದಿಗೆ ಸರಿಯಿತು. ಕೆಂಪು ಕಾರು ಹಾದು ಹೋಯಿತು. ಮತ್ತೊಂದು ಹೋಯಿತು. ಎಲ್ಲವೂ ಹೋದವು. ಹಸಿರು ಕಾರು ಗೋಡೆಗೆ ಒರಗಿದ ಹಾಗೆ ನಿಂತುಬಿಟ್ಟಿತು.

ಈರಪ್ಪ ಬಿದ್ದು ಎದ್ದು ಓಡಿದ. ಕಿಟಕಿಯೊಳಗೆ ತಲೆ ಹಾಕಿದ. ಒಂದು ನಿಮಿಷ ಹಾಗೇ ಇದ್ದ. ಆಮೇಲೆ ಹೊರಗೆ ಬಂದು, ಗ್ಯಾಲರಿಗೆ ಎರಡೂ ಕೈ ಎತ್ತಿ ತೋರಿಸಿ ಕೂಗಿದ:

‘ಪೆಟ್ರೋಲ್ ಖಲಾಸ್!’

ಕುವೈತಿನಲ್ಲಿ! ಪೆಟ್ರೋಲ್ ಖಾಲಿ! ಕುಡಿಯುವ ನೀರಿಗಿಂತ ಪೆಟ್ರೋಲೇ ಅಗ್ಗವಾದ ದೇಶದಲ್ಲಿ!

ಒಂದು ಗಳಿಗೆ ಯಾರಿಗೂ ಅರ್ಥವಾಗಲಿಲ್ಲ. ಆಮೇಲೆ ಶುರುವಾಯಿತು ನೋಡಿ ನಗು. ಕುವೈತಿಗಳು ಹೊಟ್ಟೆ ಹಿಡಿದುಕೊಂಡು ನಕ್ಕರು. ಪಾಕಿಸ್ತಾನದವರು ನಕ್ಕರು. ನಾನಂತೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕೆ. ಅಬು ನಾಸರ್ ಮಾತ್ರ ನಗಲಿಲ್ಲ. ಎದ್ದು ತಮ್ಮ ಗಾಡಿ ಹತ್ತಿ ಹೋದರು.

ಆ ವಾರವೇ ಬರೆದೆ. ನನ್ನವರ ಆಫೀಸಿನಿಂದ ಫ್ಯಾಕ್ಸ್ ಮಾಡಿಸಿದೆ. ‘ಸಮುದ್ರದ ದಂಡೆಯ ಮೇಲೆ ಕೂತು ಉಪ್ಪು ಸಾಲ ಕೇಳಿದ ಮನುಷ್ಯ’ ಅಂತ ಈರಪ್ಪನನ್ನು ಎಳೆದೆ. ಅಬು ನಾಸರ್ ಅವನಿಗೆ ಫೋರ್‌ಮನ್ ಕೆಲಸ ಕೊಡದೆ ಒಬ್ಬ ಈಜಿಪ್ಟಿನವನಿಗೆ ಕೊಟ್ಟದ್ದನ್ನೂ ಬರೆದೆ. ‘ಟ್ಯಾಂಕು ನೋಡದವನು ಗ್ಯಾರೇಜು ನೋಡಿಯಾನೆ?’ ಅಂತ ಒಂದು ಒಗ್ಗರಣೆಯನ್ನೂ ಹಾಕಿದೆ. ಕೊನೆಗೆ ಆಲ್ಬರ್ಟ್‌ರ ಗುಣಗಾನ. ಕಪ್ ಕಳೆದವನ ಮೇಲೆ ಒಂದು ದಿನವೂ ಸಿಟ್ಟಾಗದೆ ಅವನನ್ನು ಕ್ಷಮಿಸಿದ ದೊಡ್ಡ ಮನುಷ್ಯ ಅಂತ.

ಅದಕ್ಕೆ ಬಂದಷ್ಟು ಪತ್ರ ನನ್ನ ಯಾವ ಅಂಕಣಕ್ಕೂ ಬಂದಿಲ್ಲ. ಅಲ್ಲಿಂದ ಈರಪ್ಪ ಬರೀ ಈರಪ್ಪ ಆಗಿ ಉಳಿಯಲಿಲ್ಲ. ಪೆಟ್ರೋಲ್ ಈರಪ್ಪ ಆದ. ಕನ್ನಡಿಗರ ಪಿಕ್‌ನಿಕ್ಕಿಗೆ ಬಂದರೆ ‘ಈರಪ್ಪಾ, ಬರೋ ದಾರ್‍ಯಾಗ ಗಾಡಿ ನಿಂತಿಲ್ಲ ಹೌದಲ್ಲೋ?’ ಅಂತ ಕೇಳದವರಿಲ್ಲ. ಅವನೂ ನಗುತ್ತಿದ್ದ. ‘ನಿಂತಿತ್ರೀ, ನೂಕ್ಕೋಂತ ಬಂದೆ,’ ಅನ್ನುತ್ತಿದ್ದ.

ಆಲ್ಬರ್ಟ್ ಆಮೇಲೆ ರೇಸಿಗೆ ಇಳಿಯಲೇ ಇಲ್ಲ. ಮಾವನ ಮಗಳ ಮದುವೆ ಅಂತ ಒಂದು ತಿಂಗಳು ಊರಿಗೆ ಹೋಗಿ ಬಂದರು. ಬಂದ ಮೇಲೆ ಅವರ ಡ್ರೈವಿಂಗೇ ಬದಲಾಗಿತ್ತು. ಫಹಾಹೀಲ್ ಕಡೆಯ ರಸ್ತೆಯಲ್ಲಿ ಎಲ್ಲ ಕಾರುಗಳೂ ಬಾಣದ ಹಾಗೆ ಹೋಗುತ್ತಿದ್ದರೆ ಇವರದು ಬಲಬದಿಯ ಕೊನೆಯ ಲೇನಿನಲ್ಲಿ ಮದುಮಗಳ ನಡಿಗೆ. ಸಿಮೆಂಟಿನ ಲಾರಿಗಳು ಹಾರ್ನ್ ಹೊಡೆದು ಮುಂದೆ ಹೋಗುತ್ತಿದ್ದವು. ‘ಪಾಪ, ಸ್ಪೀಡಿನ ಮೇಲೇ ಮುನಿಸಿಕೊಂಡಿದ್ದಾರೆ’ ಅಂತ ನಾವು ಮಾತಾಡಿಕೊಂಡೆವು. ಆದರೂ ಪ್ರತಿ ಶುಕ್ರವಾರ ಮಧ್ಯಾಹ್ನ ಈರಪ್ಪನ ರೂಮಿಗೆ ಹೋಗಿ ಅವನ ಜೊತೆ ಊಟ ಮಾಡುತ್ತಿದ್ದರು. ಎಂಥ ಮನಸ್ಸು, ನೋಡಿ, ಅಂತ ಬೆರಗಾದೆವು.

ಸರಿ. ಕಳೆದ ಶುಕ್ರವಾರ ಈ ಅಂಕಣವನ್ನು ಓದಿದೆ.

ಫ್ಲ್ಯಾಟಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಸ್ಟೆಲ್ಲಾ ಸೋಫಾದ ತುದಿಯಲ್ಲಿ ಕೂತಿದ್ದರು. ಬಾಗಿಲ ಹತ್ತಿರ ಸ್ಟೂಲಿನ ಮೇಲೆ ಈರಪ್ಪ. ಈಗ ಅವನಿಗೂ ತಲೆ ನರೆತಿದೆ. ಫೋರ್‌ಮನ್ ಆಗಿದ್ದಾನೆ. (ಆ ಈಜಿಪ್ಟಿನವನು ನಾಲ್ಕು ವರ್ಷಕ್ಕೆ ಬಿಟ್ಟು ಹೋದ. ಆಗ ಸಿಕ್ಕಿತು.) ನಾನು ಓದಲು ಎದ್ದಾಗ ಅವನೇ ಹೇಳಿದ: ‘ಆ ಉಪ್ಪಿಂದು ಬಿಡಬ್ಯಾಡ್ರಿ ಅಕ್ಕಾರ. ಅವರಿಗೆ ಅದು ಭಾಳ ಸೇರತಿತ್ತು.’

ಬಿಡಲಿಲ್ಲ. ಎಲ್ಲರೂ ನಕ್ಕರು. ಎಲ್ಲರಿಗಿಂತ ಜೋರಾಗಿ ಈರಪ್ಪನೇ ನಕ್ಕ. ನಾನು ರಂಗಕ್ಕಿಳಿದ ನಟಿಯಂತೆ ಕೊನೆಯ ಪ್ಯಾರಾಕ್ಕೆ ಬಂದೆ. ಅದರಲ್ಲಿ ಹೀಗೆ ಬರೆದಿದ್ದೆ: ‘ಜನ ಚದುರಿದ ಮೇಲೆ ಪೆಟ್ರೋಲ್ ಈರಪ್ಪ ಒಬ್ಬನೇ ಆ ಹಸಿರು ಕಾರಿನೊಳಗೆ ಕೂತು, ಅದನ್ನು ಸ್ಟಾರ್ಟ್ ಮಾಡಿ, ತಲೆ ತಗ್ಗಿಸಿಕೊಂಡು ಗೇಟಿನಾಚೆ ನಿಂತ ಲಾರಿಯ ಮೇಲೆ ಹತ್ತಿಸಿದ. ಆ ನೋಟ ಮಾತ್ರ ನನಗೆ ನಗು ತರಿಸಲಿಲ್ಲ.’

ಚಪ್ಪಾಳೆ. ಒಂದಿಬ್ಬರು ಕಣ್ಣೊರೆಸಿಕೊಂಡರು. ನಾನು ಕೂರುವುದರಲ್ಲಿದ್ದೆ.

‘ಆಂಟಿ, ಒನ್ ಮಿನಿಟ್,’ ಅಂದಳು ಜಾಯ್ಸ್. ‘ಪೆಟ್ರೋಲ್ ಖಾಲಿ ಅಲ್ವಾ? ಹಾಗಾದ್ರೆ ಕಾರ್ ಸ್ಟಾರ್ಟ್ ಆದದ್ದು ಹೇಗೆ?’

ನಾನು ಕೈಯಲ್ಲಿದ್ದ ಕಟಿಂಗ್ ನೋಡಿದೆ. ಸ್ಟಾರ್ಟ್ ಮಾಡಿ. ಲಾರಿಯ ಮೇಲೆ ಹತ್ತಿಸಿದ. ನಾನೇ ಬರೆದದ್ದು. ನಾನೇ ಕಣ್ಣಾರೆ ನೋಡಿ ಬರೆದದ್ದು. ಎಡಿಟರ್ ಓದಿದರು. ನೀವು ಓದಿದಿರಿ. ಅಷ್ಟು ಪತ್ರ ಬಂದವಲ್ಲ, ಒಂದರಲ್ಲಾದರೂ ಈ ಪ್ರಶ್ನೆ ಇತ್ತೆ? ನಗುವ ಭರದಲ್ಲಿ ಯಾರಿಗೂ ಲೆಕ್ಕಕ್ಕೇ ಬರಲಿಲ್ಲ. ಕನ್ನಡ ಓದಲು ಬಾರದ, ಕೇಳಿ ಮಾತ್ರ ಅರ್ಥ ಮಾಡಿಕೊಳ್ಳುವ ಹುಡುಗಿ ಹಿಡಿದಳು.

‘ಆಮ್ಯಾಲೆ ಡಬ್ಬಿ ತಂದು ಹಾಕಿದ್ವಿ ಬೇಟಾ,’ ಅಂದ ಈರಪ್ಪ, ಗಡಿಬಿಡಿಯಲ್ಲಿ. ‘ಅಕ್ಕಾರು ಅದನ್ನ ಬರೀಲಿಕ್ಕೆ ಮರತಾರ. ಚಾ ತರ್ರಿ ಯಾರಾರ.’

‘ಡಬ್ಬಿಯೂ ಇಲ್ಲ, ಎಂತದೂ ಇಲ್ಲ,’ ಅಂದರು ಸ್ಟೆಲ್ಲಾ. ‘ಅವತ್ತು ಟ್ಯಾಂಕಿನಲ್ಲಿ ಪೆಟ್ರೋಲ್ ಬೇಕಾದಷ್ಟು ಇತ್ತು.’

‘ಸ್ಟೆಲ್ಲಾಕ್ಕಾರ, ಬ್ಯಾಡ್ರಿ.’

‘ನೀವು ಕೂತ್ಕೊಳ್ಳಿ ಈರಪ್ಪ. ಇಷ್ಟು ವರ್ಷ ನೀವು ಹೇಳಿದ್ದಾಯ್ತು. ಇವತ್ತು ನಾನು ಹೇಳ್ತೇನೆ.’

ಈರಪ್ಪ ನಿಂತೇ ಇದ್ದ. ಬಾಗಿಲ ಕಡೆ ನೋಡಿದ. ಬಾಗಿಲ ಮುಂದೆ ಚಪ್ಪಲಿಗಳ ರಾಶಿ, ಅದರಾಚೆ ಮೂರು ಜನ. ಓಡಿ ಹೋಗುವಂತಿರಲಿಲ್ಲ.

ಸ್ಟೆಲ್ಲಾ ನರ್ಸ್ ಅಲ್ಲವೆ? ಕೇಸ್ ಹೇಳುವ ಹಾಗೆಯೇ ಹೇಳಿದರು. ರೇಸಿಗೆ ಹತ್ತು ದಿನ ಮೊದಲಿಂದಲೇ ಆಲ್ಬರ್ಟ್‌ಗೆ ಎಡಗಣ್ಣಿನಲ್ಲಿ ಮಿಂಚು ಹೊಡೆದ ಹಾಗೆ ಆಗುತ್ತಿತ್ತಂತೆ. ಯಾರಿಗೂ ಹೇಳಲಿಲ್ಲ. ಇಪ್ಪತ್ತೆಂಟನೇ ಸುತ್ತು ಮುಗಿಯುತ್ತಲೇ ಆ ಕಣ್ಣಿಗೆ ಯಾರೋ ಪರದೆ ಎಳೆದ ಹಾಗಾಯಿತು. ಕಪ್ಪು. ತಿರುಗಬೇಕಾದದ್ದು ಎಡಕ್ಕೆ. ಎಡಗಡೆ ಒಳಗಿನ ಸಂದಿಯಲ್ಲಿ ಆ ಕುವೈತಿ ಹುಡುಗನ ಕೆಂಪು ಕಾರು ಬಂದಿದೆಯೋ ಇಲ್ಲವೋ ಕಾಣುವುದಿಲ್ಲ. ತಿರುಗಿಸಿದರೆ ಅವನ ಮೇಲೆ ಹೋಗಬಹುದು. ಅದಕ್ಕೇ ತಿರುಗಿಸಲಿಲ್ಲ. ನೆಟ್ಟಗೆ ಹೋಗಿ ಗೋಡೆಯ ಬದಿ ನಿಲ್ಲಿಸಿಬಿಟ್ಟರು.

‘ಈರಪ್ಪ ಕಿಟಕಿಯಲ್ಲಿ ತಲೆ ಹಾಕಿದಾಗ ಇವರು ಹೇಳಿದ್ರಂತೆ, ನನ್ನ ಎಡಗಣ್ಣು ಹೋಯ್ತು, ಅಲ್ಲಿ ಆಫೀಸಿನವರು ಕೂತಿದ್ದಾರೆ ಅಂತ. ಅಷ್ಟೇ.’

ಅಷ್ಟು ಸಾಕಾಗಿತ್ತು. ಇಲ್ಲಿ ಬದುಕಿದವರಿಗೆ ಬಿಡಿಸಿ ಹೇಳಬೇಕೆ? ಕಣ್ಣು ಹೋಯಿತು ಅಂದರೆ ಲೈಸೆನ್ಸ್ ಹೋಯಿತು. ವ್ಯಾನ್ ಓಡಿಸದಿದ್ದರೆ ಕೆಲಸ ಹೋಯಿತು. ಕೆಲಸ ಹೋದರೆ ಇಕಾಮಾ, ಅಂದರೆ ಇಲ್ಲಿ ಇರುವ ಪರವಾನಗಿಯೇ, ಹೋಯಿತು; ಮಕ್ಕಳದೂ ಅದರ ಜೊತೆಗೇ. ಆಗ ಜಾಯ್ಸ್ ಎಂಟನೇ ಕ್ಲಾಸು, ಅವಳ ಅಕ್ಕ ಹತ್ತನೇ ಕ್ಲಾಸು.

‘ಅವತ್ತು ಸಂಜೆ ಮನೆಗೆ ಬಂದು ಚಹಾ ಬಗ್ಗಿಸಿದ್ರು. ಕಪ್ಪಿನ ಹೊರಗೆ ಬಗ್ಗಿಸಿದ್ರು,’ ಅಂದರು ಸ್ಟೆಲ್ಲಾ. ‘ನಾನು ನರ್ಸ್ ಅಲ್ವಾ? ಟಾರ್ಚ್ ತಂದು ಕಣ್ಣು ನೋಡಿದೆ. ಮೂರನೇ ದಿನ ಮಂಗಳೂರಿಗೆ ಕರ್ಕೊಂಡು ಹೋದೆ. ಮಾವನ ಮಗಳೂ ಇಲ್ಲ, ಮದುವೆಯೂ ಇಲ್ಲ. ರೆಟಿನಾ ಕಳಚಿತ್ತು, ಆಪರೇಷನ್. ವಾರಗಟ್ಟಲೆ ಕವುಚಿ ಮಲಗಿದ್ರು. ದೇವರ ದಯೆ, ಕಣ್ಣು ಮುಕ್ಕಾಲು ವಾಸಿ ಬಂತು. ವ್ಯಾನ್ ಓಡಿಸಬಹುದು, ಆದರೆ ಮೆಲ್ಲ ಅಂತ ಡಾಕ್ಟರ್ ಹೇಳಿದ್ರು. ಮೆಲ್ಲ ಓಡಿಸಿದ್ರು. ನೀವೆಲ್ಲ ತಮಾಷೆ ಮಾಡಿದ್ರಿ.’

ತಮಾಷೆ ಮಾಡಿದವರೆಲ್ಲ ನೆಲ ನೋಡುತ್ತಿದ್ದೆವು. ಜಾಯ್ಸ್ ತನ್ನ ಅಮ್ಮನನ್ನೂ ಈರಪ್ಪನನ್ನೂ ನೋಡುತ್ತಿದ್ದಳು.

‘ಸೋ ಅಂಕಲ್,’ ಅಂದಳು ನಿಧಾನವಾಗಿ, ‘ನಮಗಾಗಿ ನೀವು ಸುಳ್ಳು ಹೇಳಿದ್ರಾ? ಈ ಹದಿನೈದು ವರ್ಷ?’

ಎಂಥ ಕೀಟಲೆಗೂ ತಿರುಗಿ ಒಂದು ಮಾತು ಎಸೆಯುವ ಮನುಷ್ಯ ಈರಪ್ಪ. ಕೈಯಲ್ಲಿದ್ದ ಖಾಲಿ ಲೋಟವನ್ನು ಅತ್ತ ಇತ್ತ ತಿರುಗಿಸಿದ. ‘ಆವಾಗ ಬಾಯಿಗೆ ಬಂದದ್ದು ಅಂದೆ ಬೇಟಾ,’ ಅಂದ.

ಬಾಯಿಗೆ ಬಂದದ್ದಲ್ಲ. ಅದು ನನಗೆ ಆಮೇಲೆ ಗೊತ್ತಾಯಿತು. ಎಲ್ಲರೂ ಊಟಕ್ಕೆ ಏಳುತ್ತಿದ್ದಂತೆ ಈರಪ್ಪ ಮೆಲ್ಲಗೆ ಜಾರಿಕೊಂಡು ಮೆಟ್ಟಿಲ ಹತ್ತಿರ ಹೋಗಿ ನಿಂತಿದ್ದ. ನಾನೂ ಹೋದೆ.

‘ಅಲ್ಲೋ ಈರಪ್ಪಾ,’ ಅಂದೆ, ‘ಎಂಜಿನ್ ಕೆಟ್ಟೈತಿ ಅಂದಿದ್ರ ಆಗತಿರಲಿಲ್ಲೇನು? ಮರ್ಯಾದಿನಾದ್ರೂ ಉಳೀತಿತ್ತು.’

ಅವನು ನನ್ನನ್ನು ಸ್ಕೂಲ್ ಹುಡುಗಿಯ ಹಾಗೆ ನೋಡಿದ.

‘ಅಕ್ಕಾರ, ಅಲ್ಲಿ ಇದ್ದವ್ರೆಲ್ಲಾ ಮೆಕ್ಯಾನಿಕ್ ಮಂದಿ. ಎಂಜಿನ್ ಅಂದಿದ್ರ ಇಪ್ಪತ್ತು ಮಂದಿ ಓಡಿ ಬಂದು ಬಾನೆಟ್ ಎತ್ತತಿದ್ರು. ಗೇರ್ ಅಂದಿದ್ರ ಗಾಡಿ ಕೆಳಗ ನುಗ್ಗತಿದ್ರು. ಆಲ್ಬರ್ಟಣ್ಣಾರನ್ನ ಹೊರಗ ಎಳದು ಏನಾತು ಏನಾತು ಅಂತ ಮಾರಿ ಮಾರಿ ನೋಡತಿದ್ರು. ಕಣ್ಣು ಕಾಣವಲ್ದು ಅಂಬೋದು ಗೊತ್ತಾಗಲಿಕ್ಕೆ ಎಷ್ಟೊತ್ತು? ಪೆಟ್ರೋಲ್ ಇಲ್ಲಂದ್ರ ಯಾರು ಬರ್ತಾರ? ಕುಂತಲ್ಲೇ ನಗತಾರ, ಎದ್ದು ಮನಿಗೆ ಹೋಗತಾರ.’

ಒಂದು ನಿಮಿಷ! ಬರೀ ಒಂದು ನಿಮಿಷ ಅವನ ತಲೆ ಆ ಕಿಟಕಿಯೊಳಗಿತ್ತು. ಅಷ್ಟರಲ್ಲಿ ಇದನ್ನೆಲ್ಲ ಯೋಚಿಸಿದ್ದಾನೆ. ನಾನು ನಲವತ್ತು ಹೆಜ್ಜೆ ದೂರದಲ್ಲಿ, ಬೆಂಚಿನ ಮೇಲೆ, ನೋಟ್‌ಬುಕ್ ಹಿಡಿದು ನಿಂತು ಏನೂ ಕಾಣಲಿಲ್ಲ. (ನನಗೆ ಎರಡೂ ಕಣ್ಣು ಚೆನ್ನಾಗಿಯೇ ಇದ್ದವು.)

‘ನಾಲ್ಕು ವರ್ಷ ಫೋರ್‌ಮನ್‌ಗಿರಿ ತಪ್ಪಿತಲ್ಲ?’

‘ತಪ್ಪಲಿಲ್ರೀ, ತಡಾ ಆತು. ಆ ಹುಡುಗ್ಯಾರದು ಸಾಲಿ ತಪ್ಪಿದ್ರ ತಪ್ಪೇ ಹೋಗತಿತ್ತು.’

‘ಅಬು ನಾಸರ್‌ಗೂ ಹೇಳಲಿಲ್ಲೇನು?’

‘ಬಾಬಾ ಒಳ್ಳೆಯವ್ರು. ಆದ್ರ ಅವರ ಬಾಯಾಗ ಮಾತು ನಿಲ್ಲಂಗಿಲ್ರೀ. ಇವತ್ತ ಹೇಳಿದ್ರ ನಾಳೆ ಅರ್ದಿಯಾ ತುಂಬ.’ ಅವನೇ ಮುಂದುವರಿಸಿದ: ‘ಆಲ್ಬರ್ಟಣ್ಣಾರು ಊರಿಗೆ ಹೋಗೋ ಮುಂದ ಹೇಳೇ ಬಿಡತೀನಿ ಅಂತ ಹಟ ಹಿಡದ್ರು. ಏರ್‌ಪೋರ್ಟಿನ್ಯಾಗೂ ಅದೇ ಮಾತು. ನಾನೇ ಆಣಿ ಹಾಕಿದೆ. ಹೋಗೋ ಕಾಲಕ್ಕ ಮಂದಿ ಬಾಯಾಗ ಮುದೀರ್ ಅಂತನೇ ಇರ್ರಿ, ಕುರುಡ ಅನ್ನಿಸಿಕೋಬ್ಯಾಡ್ರಿ ಅಂದೆ. ಭಾಳ ಅತ್ರು.’

ನಾನು ಕ್ಷಮೆ ಕೇಳಿದೆ. ಸರಿಯಾಗಿ, ಪೂರ್ತಿ ವಾಕ್ಯದಲ್ಲಿ ಕೇಳಿದೆ. ತಪ್ಪು ನನ್ನದು, ತಮಾಷೆ ಸಿಕ್ಕಿತು ಅಂತ ಹಿಂದೆಮುಂದೆ ನೋಡದೆ ಬರೆದೆ, ಈಗ ಇದೇ ಅಂಕಣದಲ್ಲಿ ನಿಜ ಬರೆಯುತ್ತೇನೆ, ಬರೆಯಲೆ ಅಂತ ಕೇಳಿದೆ.

ಈರಪ್ಪ ನಕ್ಕ. ‘ಬರೀರಿ. ಈಗ ಅವರೂ ಇಲ್ಲ, ಕೆಲಸಾನೂ ಇಲ್ಲ, ಯಾರಿಗೇನು? ಆದ್ರ ಅಳೋಹಂಗ ಬರೀಬ್ಯಾಡ್ರಿ ಮತ್ತ.’

ಆಮೇಲೆ ಅವನೇ ಇನ್ನೊಂದು ವಿಷಯ ಹೇಳಿದ. ನನಗೆ ಮುಖ ಮುಚ್ಚಿಕೊಳ್ಳುವ ಹಾಗಾಯಿತು.

ಆ ಹಳೇ ಅಂಕಣದ ಜೊತೆ ಒಂದು ಫೋಟೋ ಇತ್ತು. ಹಸಿರು ಕಾರಿಗೆ ಒರಗಿ ನಿಂತ ಈರಪ್ಪನದು. ಅದು ಅವನ ಹಳ್ಳಿಗೂ ಹೋಗಿ ಮುಟ್ಟಿತಂತೆ. ಅವನ ಅವ್ವನಿಗೆ ಓದು ಬಾರದು. ಮಗನ ಫೋಟೋ ಪೇಪರಿನಲ್ಲಿ ಬಂದಿದೆ! ಅವ್ವ ಆ ಹಾಳೆ ಹಿಡಿದುಕೊಂಡು ಸಾಲಿಗೆ ಹೋಗಿ, ‘ನನ್ನ ಮಗನ ಮ್ಯಾಲೆ ಏನ್ ಬರದಾರ, ಓದ್ರಿ ಮಾಸ್ತರ’ ಅಂತ ಕೂತಳಂತೆ.

ಮಾಸ್ತರು ಮೊದಲು ಮನಸ್ಸಿನಲ್ಲೇ ಪೂರ್ತಿ ಓದಿಕೊಂಡರಂತೆ. ಆಮೇಲೆ ಕೆಮ್ಮಿ, ಗಟ್ಟಿಯಾಗಿ ಓದಿದರಂತೆ: ‘ಕುವೈತ್ ದೇಶದಲ್ಲಿ ನಮ್ಮ ಈರಪ್ಪನಂಥ ಮೆಕ್ಯಾನಿಕ್ ಮತ್ತೊಬ್ಬನಿಲ್ಲ. ಅವನು ಕಟ್ಟಿದ ಕಾರು ಮೂರು ಸಲ ಗೆದ್ದಿದೆ. ಅವನಂಥ ಗೆಳೆಯ ಎಲ್ಲರಿಗೂ ಸಿಗಲಿ.’ ಇಷ್ಟೇ. ಮಡಚಿ ಕೊಟ್ಟರು. ಅವ್ವ ಅದಕ್ಕೆ ಫ್ರೇಮ್ ಹಾಕಿಸಿದಳು. ಮನೆಗೆ ಬಂದವರಿಗೆಲ್ಲ ತೋರಿಸುತ್ತಿದ್ದಳು. ಓದು ಬಂದವರು ನೋಡಿ, ಓದಿ, ‘ಹೌದವ್ವಾ, ಭಾಳ ಚಂದ ಬರದಾರ’ ಅಂತ ಚಾ ಕುಡಿದು ಎದ್ದು ಹೋಗುತ್ತಿದ್ದರಂತೆ. ಅವ್ವ ತೀರಿಹೋಗುವವರೆಗೂ ಹಾಗೇ ನಡೆಯಿತಂತೆ.

‘ನಿಮ್ಮ ಉಪಕಾರ ರೀ ಅಕ್ಕಾರ,’ ಅಂದ ಈರಪ್ಪ. ಅಣಕವೋ ನಿಜವೋ, ಅವನ ಮುಖ ನೋಡಿ ನನಗೆ ತಿಳಿಯಲಿಲ್ಲ.

ಆ ಮಾಸ್ತರು ಯಾರೋ ನನಗೆ ಗೊತ್ತಿಲ್ಲ. ಆದರೆ ನನ್ನ ಬರಹವನ್ನು ಎಡಿಟ್ ಮಾಡಿದವರಲ್ಲಿ ಅವರಷ್ಟು ಸಮರ್ಥರು ಯಾರೂ ಇಲ್ಲ. ನಾನು ಬರೆದದ್ದರಲ್ಲಿ ಒಂದು ವಾಕ್ಯವನ್ನೂ ಅವರು ಉಳಿಸಲಿಲ್ಲ. ಅವರು ಓದಿದ್ದೇ ನಿಜವಾಗಿತ್ತು.

ಆಲ್ಬರ್ಟ್ ಲೆಜೆಂಡ್ ಅಂತ ಆ ಸಂಜೆ ಎಲ್ಲರೂ ಹೇಳಿದರು. ಒಪ್ಪುತ್ತೇನೆ. ಮೂರು ಕಪ್ ಗೆದ್ದವರು. ನಾಲ್ಕನೆಯದನ್ನು, ಗೆಲುವಿಗೆ ಇನ್ನೆರಡೇ ಸುತ್ತು ಇರುವಾಗ, ಇನ್ನೊಬ್ಬರ ಮಗನ ಜೀವಕ್ಕಾಗಿ ಬಿಟ್ಟುಕೊಟ್ಟವರು. ಆ ಹುಡುಗನಿಗೆ ಇಂದಿಗೂ ಇದು ಗೊತ್ತಿಲ್ಲ. ತಾನು ಮುದೀರ್‌ನನ್ನು ಸೋಲಿಸಿದೆ ಅಂತ ಎಲ್ಲೋ ತನ್ನ ಮಕ್ಕಳಿಗೆ ಹೇಳಿಕೊಳ್ಳುತ್ತಿರಬಹುದು. ಹೇಳಿಕೊಳ್ಳಲಿ ಬಿಡಿ.

ಮನೆಗೆ ಬರುವಾಗ ಕಾರಿನಲ್ಲಿ, ನನ್ನ ಕಷ್ಟಕಾಲದಲ್ಲಿ ನನಗಾಗಿ ಯಾರು ಯಾರು ಏನೇನು ಅನ್ನಿಸಿಕೊಂಡರು ಅಂತ ನೆನಪು ಮಾಡಿಕೊಳ್ಳುತ್ತಾ ಕೂತಿದ್ದೆ. ಒಂದು ಹೆಸರೂ ಸಿಗಲಿಲ್ಲ. ಅದೇ ನನ್ನನ್ನು ಹೆದರಿಸಿತು.

ನೀವೂ ಒಮ್ಮೆ ಯೋಚಿಸಿ ನೋಡಿ. ನಿಮ್ಮ ಮಾನ ಉಳಿಸಲು ತಾವು ನಗೆಪಾಟಲಾದವರು ಯಾರು? ಅಂಥವರು ಯಾರೂ ಇಲ್ಲ ಅಂತೀರಾ?

ಹಾಗಾದರೆ ಅವರು ಈಗಲೂ ಬಾಯಿ ಬಿಟ್ಟಿಲ್ಲ ಅಂತಾಯಿತು.